ತಾಲೀಮಿನ ತಾಯಿ

ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ರುದ್ರೇಶನಷ್ಟು ಧಾರಾಳವಾಗಿ ಅಳುವ ಗಂಡಸನ್ನು ನಾನು ಬೇರೆ ಕಂಡಿಲ್ಲ. ಅದೂ ಕನ್ನಡಿ ನೋಡಿಕೊಂಡು. ಅವನ ಮನೆಯ ಹಿಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ, ದೀಪದ ಬತ್ತಿ ಹೊಸೆದು ಅಂಗಡಿಗಳಿಗೆ ಕೊಡುತ್ತೇನೆ. ಕೈಗೆ ಕೆಲಸವಿದ್ದರೂ ಕಿವಿಗೆ ಬಿಡುವು. ಹಾಗಾಗಿ ಅವನ ಭಾಷಣದ ತಾಲೀಮನ್ನು ಮೊದಲಿನಿಂದ ಕೊನೆಯವರೆಗೂ ಸಹಿಸಿದವಳು ನಾನೊಬ್ಬಳೇ.

ಅಕ್ಕಿಪೇಟೆಯಲ್ಲಿ ಅವರದು ತಾತನ ಕಾಲದ ಅಕ್ಕಿ ಮಂಡಿ. ತಂದೆ ವೃಷಭೇಂದ್ರಪ್ಪನವರು ಬದುಕಿರುವ ತನಕ ತಮ್ಮ ಜನದ ಹುಡುಗರ ಹಾಸ್ಟೆಲಿಗೆ ಅಧ್ಯಕ್ಷರಾಗಿದ್ದರು. ಆ ಕುರ್ಚಿ ತನಗೇ ಬರಬೇಕೆಂದು ಮಗನ ಆಸೆ. ಎದುರಿಗೆ ನಿಂತವರು ಮಲ್ಲಿಕಾರ್ಜುನಯ್ಯ ಎಂಬ ರಿಟೈರಾದ ಮೇಷ್ಟ್ರು. ಸದಸ್ಯರ ಸಭೆಯಲ್ಲಿ ಇಬ್ಬರೂ ಮಾತಾಡಬೇಕು, ಆಮೇಲೆ ಕೈ ಎತ್ತಿಸಿ ತೀರ್ಮಾನ. ಮಂಡಿಯಲ್ಲಿ ಹಮಾಲರ ಮೇಲೆ ಕೂಗಾಡುವ ಈ ಶೂರನಿಗೆ ಮೈಕು ಕಂಡರೆ ನಾಲಿಗೆ ಒಣಗುತ್ತಿತ್ತು.

ಅದಕ್ಕೆ ಸಂಪಿಗೆ ರಸ್ತೆಯಲ್ಲಿ ಮಾತು ಕಲಿಸುವ ಕುಶಾಲ್ ಎಂಬವನ ಕ್ಲಾಸಿಗೆ ಸೇರಿದ. ಮಾತು ಕಲಿಸುವುದೂ ಒಂದು ಅಂಗಡಿ! ಯಾವ ಮಾತಿಗೆ ಯಾವ ಕೈ ಎತ್ತಬೇಕು, ಎಲ್ಲಿ ಗಂಟಲು ಕಟ್ಟಬೇಕು, ಎಲ್ಲವನ್ನೂ ಅಲ್ಲಿ ಹೇಳಿಕೊಡುತ್ತಾರಂತೆ. ಜನರ ಮನಸ್ಸು ಕರಗಬೇಕಾದರೆ ತಾಯಿಯ ಕಷ್ಟ ಹೇಳಿ ಎಂದನಂತೆ ಕುಶಾಲ್. ಕಷ್ಟವೇ ಇರದಿದ್ದರೆ ಏನು ಮಾಡಬೇಕೆಂದು ಹೇಳಲಿಲ್ಲವೇನೋ. ಇಲ್ಲದ ಕಷ್ಟವನ್ನು ರುದ್ರೇಶ ತಾನೇ ಹೊಲಿದುಕೊಂಡ.

ಮೊದಲ ತಾಲೀಮು ನಡೆದದ್ದು ತಾಯಿ ಸರ್ವಮಂಗಳಮ್ಮನವರ ಎದುರಿಗೇ.

"ನನ್ನ ತಾಯಿ ಮಂಡಿಯ ನೆಲದಲ್ಲಿ ಚೆಲ್ಲಿದ ನುಚ್ಚನ್ನು ಗುಡಿಸಿ, ಗಂಜಿ ಕಾಯಿಸಿ ನನ್ನನ್ನು ಬೆಳೆಸಿದಳು..."

"ಯಾವ ತಾಯಿನೋ?" ಎಂದರು ಆಕೆ. "ತುಪ್ಪ ಇಲ್ದೆ ಅನ್ನ ಮುಟ್ತಿರ್ಲಿಲ್ಲ ನೀನು. ನಿಮ್ಮಪ್ಪ ನಮ್ಮನ್ನ ಉಪವಾಸ ಹಾಕಿದ್ರು ಅಂತ ಸಾರ್ತೀಯಾ?"

"ಅಮ್ಮಾ, ಫ್ಲೋ ಹೋಗುತ್ತೆ, ಸುಮ್ನಿರು."

"ನಾನು ಬದ್ಕಿರೋವಾಗ್ಲೇ ನನ್ನ ಕಥೆ ನೀನು ಹೇಳೋದು, ನಾನು ಸುಮ್ನಿರೋದು? ಹಾಸ್ಟೆಲ್‌ಗೆ ಏನ್ಮಾಡ್ತೀಯಾ, ಅದನ್ನ ಹೇಳು ಮೊದ್ಲು."

ಅದು ಭಾಷಣದಲ್ಲಿರಲಿಲ್ಲ. ಮಾರನೆಯ ದಿನದಿಂದ ತಾಯಿಯನ್ನು ಬಿಟ್ಟ, ನನ್ನನ್ನು ಹಿಡಿದ. ಅಂಗಳದಲ್ಲಿ ಕುರ್ಚಿ ಹಾಕಿ, "ಶೈಲಜಮ್ಮೋರೆ, ಒಂದ್ನಿಮಿಷ ನೀವೇ ನಮ್ಮಮ್ಮ ಅನ್ಕೊಳ್ಳಿ" ಎಂದ. ಅವನು ಹಜಾರದ ಮೆಟ್ಟಿಲಿಳಿದು ಬಂದು ನನ್ನ ಕಾಲಿಗೆ ಬಿದ್ದು, "ಇವಳೇ ನನ್ನ ಹೆತ್ತವಳು" ಎನ್ನಬೇಕು. ನಾನು ಅವನ ತಲೆ ಸವರಿ, ಸೆರಗಿನಿಂದ ಅವನ ಕಣ್ಣೊರೆಸಬೇಕು. ಇದೆಲ್ಲ ಫೋನಿನಲ್ಲಿ ರೆಕಾರ್ಡು ಬೇರೆ. ನೋಡಿ ಮುಖ ಸಿಂಡರಿಸುತ್ತಿದ್ದ.

"ಸೆರಗು ಲೇಟಾಯ್ತು. ಇನ್ನೊಂದ್ಸಲ."

ಒಲೆಯ ಮೇಲೆ ನನ್ನ ಸಾರು ಸೀಯುತ್ತಿದ್ದರೂ ಇನ್ನೊಂದು ಸಲ. ಹೀಗೆ ಒಂದು ಸಂಜೆ ನನ್ನ ಕಾಲು ಹಿಡಿದಿದ್ದಾಗ ಸರ್ವಮಂಗಳಮ್ಮನವರು ಬಾಗಿಲಿಗೆ ಬಂದು, "ಬಿಪಿ ಮಾತ್ರೆ ತಂದ್ಯೇನಪ್ಪಾ?" ಎಂದು ಕೇಳಿದರು. ಅವನು ತಲೆ ಎತ್ತದೆ, ನೊಣ ಅಟ್ಟುವವನಂತೆ ಕೈ ಬೀಸಿದ. ತಾಯಿಯ ಪ್ರೀತಿ ಅಭ್ಯಾಸ ಮಾಡುತ್ತಿದ್ದವನಿಗೆ ಪುರುಸೊತ್ತೆಲ್ಲಿ? ಮಾತ್ರೆಯನ್ನು ನಾನೇ ಹೋಗಿ ತಂದೆ.

ಸಭೆಯ ದಿನ ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋದ. "ಅಮ್ಮನ ಪಕ್ಕದಲ್ಲೇ ಕೂತ್ಕೊಳ್ಳಿ ಶೈಲಜಮ್ಮೋರೆ. ನಿಮ್ಮ ಮುಖ ಕಂಡ್ರೇನೇ ನಂಗೆ ಮಾತು ಬರೋದು."

ಮಲ್ಲಿಕಾರ್ಜುನಯ್ಯನವರು ನೀರು ಕೇಳುವಷ್ಟೇ ಸಲೀಸಾಗಿ ಮಾತಾಡಿದರು. ಬಚ್ಚಲುಮನೆ ಸೋರುತ್ತಿದೆ, ಬಿಸಿನೀರಿಲ್ಲ, ಗೆದ್ದರೆ ಮೊದಲು ಅದನ್ನು ಸರಿಮಾಡಿಸುತ್ತೇನೆ ಎಂದು ಹೇಳಿ ಕೂತರು. ಎರಡು ಮೂರು ಕಡೆ ಚಪ್ಪಾಳೆ ಕೇಳಿತು, ಅಷ್ಟೇ.

ಆಮೇಲೆ ರುದ್ರೇಶ ಎದ್ದ. ನುಚ್ಚು ಗುಡಿಸಿದ, ಗಂಜಿ ಕಾಯಿಸಿದ, ಗಂಟಲು ಕಟ್ಟಬೇಕಾದಲ್ಲಿ ಸರಿಯಾಗಿ ಕಟ್ಟಿತು. ವೇದಿಕೆಯಿಂದ ಇಳಿದು ನಮ್ಮತ್ತ ಬಂದ. ಸುಳ್ಳು ಭಾಷಣವೆಂದು ಗೊತ್ತಿದ್ದೂ ಸರ್ವಮಂಗಳಮ್ಮನವರು ಕನ್ನಡಕ ಸರಿಮಾಡಿಕೊಂಡು, ಚಪ್ಪಲಿ ಬಿಟ್ಟು, ಕಾಲನ್ನು ಸ್ವಲ್ಪ ಮುಂದಿಟ್ಟರು. ಎಷ್ಟಾದರೂ ಮಗ.

ಅವನು ನೇರವಾಗಿ ಬಂದು ನನ್ನ ಕಾಲಿಗೆ ಬಿದ್ದ.

"ಇವಳೇ ನನ್ನ ಹೆತ್ತವಳು!"

ನಾನು ಕಾಲೆಳೆದುಕೊಂಡೆ. "ರುದ್ರೇಶಪ್ಪಾ, ಆ ಕಡೆ, ಆ ಕಡೆ" ಎಂದು ಪಿಸುಗುಟ್ಟಿದೆ. ಅವನು ಕಾಲನ್ನು ಇನ್ನೂ ಬಿಗಿಯಾಗಿ ಹಿಡಿದು, "ಸೆರಗು, ಸೆರಗು" ಎಂದು ಹಲ್ಲು ಕಚ್ಚಿದ.

ಪಕ್ಕದಿಂದ ಸರ್ವಮಂಗಳಮ್ಮನವರ ದನಿ ತಣ್ಣಗೆ ಬಂತು. "ಒರೆಸ್ಬಿಡಿ ಶೈಲಜಮ್ಮ. ಪಾಪ, ಕಷ್ಟಪಟ್ಟು ಕಲ್ತಿದಾನೆ."

ಒರೆಸಿದೆ. ಹಿಂದಿನ ಸಾಲಿನಲ್ಲಿ ಒಬ್ಬರು, "ತಾಯಿ ಪಕ್ಕದ ಕುರ್ಚಿಲಿದಾರಲ್ರೀ?" ಎಂದರು. ಇನ್ನೊಬ್ಬರು, "ಬಾಡಿಗೆಯವ್ರನ್ನೂ ಹೆತ್ತವಳು ಅಂತಾನೆ ನೋಡಿ, ಎಂಥ ದೊಡ್ಡ ಮನಸ್ಸು!" ಎಂದು ಕರವಸ್ತ್ರ ತೆಗೆದರು. ಅಷ್ಟು ಸಾಕಾಯಿತು, ಸಭೆಯೆಲ್ಲ ಚಪ್ಪಾಳೆ. ಇಂಥ ಜನಕ್ಕೆ ಇಂಥ ಅಧ್ಯಕ್ಷನೇ ಸರಿ. ಕೈ ಎತ್ತಿ ಎಂದಾಗ ರುದ್ರೇಶನಿಗೆ ಹೊಲದ ಪೈರಿನಂತೆ ಕೈಗಳೆದ್ದವು. ಸರ್ವಮಂಗಳಮ್ಮನವರೂ ಸದಸ್ಯರೇ. ಅವರ ಎರಡೂ ಕೈ ಮಡಿಲಲ್ಲೇ ಇದ್ದವು, ಮಲ್ಲಿಕಾರ್ಜುನಯ್ಯನವರ ಹೆಸರು ಕೂಗಿದಾಗ ಒಂದು ಮೇಲೆ ಹೋಯಿತು.

ವಾಪಸು ಬರುವಾಗ ಕಾರಿನಲ್ಲಿ ಹೊಸ ಅಧ್ಯಕ್ಷರು ಕೇಳಿದರು, "ಅಮ್ಮಾ, ಕಾಲಿಗೆ ಬಿದ್ದಾಗ ಜನ ಎದ್ದು ನಿಂತ್ರಾ, ಕೂತೇ ಚಪ್ಪಾಳೆ ತಟ್ಟಿದ್ರಾ?"

"ನಂಗೇನ್ ಗೊತ್ತೋ? ಬಿದ್ದಿದ್ದು ಅವರ ಕಾಲಿಗೆ."

ಅವನು ಕನ್ನಡಿಯಲ್ಲಿ ನಮ್ಮಿಬ್ಬರ ಮುಖ ನೋಡಿದ. ಆಮೇಲೆ ಸ್ಟಿಯರಿಂಗು ತಟ್ಟಿ ನಕ್ಕ. "ಅದೇ ಅಮ್ಮಾ ಕ್ಲಿಕ್ಕಾಗಿದ್ದು!"

ಮನೆಯ ಮುಂದೆ ಹಾರ ಹಿಡಿದವರು ಕಾಯುತ್ತಿದ್ದರು. ಸರ್ವಮಂಗಳಮ್ಮನವರು ಕಾರಿಳಿದು ಅತ್ತ ಹೋಗಲಿಲ್ಲ, ಸಂದಿಯಲ್ಲಿ ನಡೆದು ನನ್ನ ಕೋಣೆಗೆ ಬಂದರು. "ತಿನ್ನೋಕೆ ಏನಾದ್ರೂ ಇದ್ಯಾ?" ಎಂದರು. ಅನ್ನ, ಹುರುಳಿಕಾಳಿನ ಸಾರು ಇತ್ತು. ತಟ್ಟೆ ಇಡುತ್ತಿದ್ದಾಗ ಹಜಾರದಿಂದ ಕೂಗು ಬಂತು, "ಶೈಲಜಮ್ಮೋರೆ, ಸ್ವಲ್ಪ ಬನ್ನಿ, ನಾಳೆ ಧನ್ಯವಾದದ ಭಾಷಣ ಇದೆ!"

ಆಕೆ ನನ್ನ ಮುಖ ನೋಡಿದರು.

"ಆಗಲ್ಲಪ್ಪಾ, ಊಟಕ್ಕೆ ಕೂತಿದೀವಿ" ಎಂದು ಕೂಗಿ ಹೇಳಿ, ಆಕೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.