ಕರುವಿನ ಚರ್ಮ, ಸ್ಟೀಲ್ ಲೋಟ

ಬ್ಯಾಂಜೊ ಯುಕುಲೆಲೆ ಎಂಬ ಆ ವಾದ್ಯಕ್ಕಿಂತ ಮೊದಲು ನಮ್ಮ ಮನೆಯೊಳಗೆ ಬಂದದ್ದು ಅದರ ನಾತ. ಕೃಷ್ಣರಾಜ ಮಾರುಕಟ್ಟೆ ಹತ್ತಿರ ಹಳೆ ಸಾಮಾನಿನ ರಾಶಿಯಲ್ಲಿ ಬಿದ್ದಿತ್ತು. ಗೇಣುದ್ದದ ಹಿಡಿ, ನಾಲ್ಕು ತಂತಿ, ಕಂಜಿರದ ಹಾಗೆ ಚರ್ಮ ಬಿಗಿದ ದುಂಡನೆಯ ಹೊಟ್ಟೆ. ಚರ್ಮ ಹರಿದಿತ್ತು, ಒಳಗೆ ಜಿರಲೆ ಮೊಟ್ಟೆ. ಐವತ್ತು ದಾಟಿದ ನನಗೆ ಇದನ್ನು ನುಡಿಸುವ ಹುಚ್ಚು ಯಾಕೆ ಹಿಡಿಯಿತೋ, ಹಿಡಿಯಿತು.

ಕಲಿಸುವವರನ್ನು ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಓಕಳಿಪುರಂನಲ್ಲಿ ಒಬ್ಬರು ಸಿಕ್ಕರು. ಸರ್ಕಾರಿ ಕೆಲಸದಿಂದ ನಿವೃತ್ತರಾದವರು, ಪ್ರಾಯದಲ್ಲಿ ಮದುವೆ ಬ್ಯಾಂಡಿನಲ್ಲಿ ಇದೇ ವಾದ್ಯ ನುಡಿಸಿದವರು. ಅವರ ತಂದೆ ತಮಟೆ, ಮೃದಂಗಗಳಿಗೆ ಚರ್ಮ ಹಾಕುತ್ತಿದ್ದರಂತೆ. ಅಷ್ಟು ಕೇಳಿದ್ದೇ ಅಮ್ಮನಿಗೆ ಅವರ ಜಾತಿ ಗೊತ್ತಾಯಿತು. ಬಸವನಗುಡಿಯ ನಮ್ಮ ಜಗಲಿಯಲ್ಲಿ ಕೂತು ಅವರು ನೆನೆಸಿದ ಕರುವಿನ ಚರ್ಮವನ್ನು ಎಳೆದು ಬಿಗಿಯುವಾಗ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಕರುವಿನ ಚರ್ಮ ಕಣೋ! ಮನೇಲಿ ದೇವರಿದಾರೆ."

ಆ ದೇವರ ಪಕ್ಕದಲ್ಲೇ ತಾತನ ಮೃದಂಗವಿದೆ. ಆಯುಧಪೂಜೆಗೆ ಅದಕ್ಕೆ ಕುಂಕುಮ ಇಡುವವಳೂ ಇವಳೇ. ಅದರ ಚರ್ಮ ಬಾಳೆಗಿಡದಲ್ಲಿ ಬೆಳೆದಿತ್ತೇನೋ!

ಮೇಷ್ಟ್ರು ಭಾನುವಾರ ಬೆಳಗ್ಗೆ ಬರುತ್ತಿದ್ದರು. ನನಗೆ ಸ್ಟೀಲ್ ಲೋಟದಲ್ಲಿ ಕಾಫಿ, ಅವರಿಗೆ ಪೇಪರ್ ಕಪ್ಪಿನಲ್ಲಿ. ಎರಡನ್ನೂ ಒಂದೇ ತಟ್ಟೆಯಲ್ಲಿ ತಂದಿಡುವ ಅಮ್ಮನನ್ನು ಕಂಡರೆ ನನಗೆ ಹೇಸಿಗೆಯಾಗುತ್ತಿತ್ತು. ಮೇಷ್ಟ್ರು ಕುಡಿದು, ಕಪ್ಪನ್ನು ಮಡಚಿ ತಮ್ಮ ಚೀಲಕ್ಕೇ ಹಾಕಿಕೊಳ್ಳುತ್ತಿದ್ದರು. ಆಮೇಲೆ "ಒತ್ತಿ ಸಾರ್, ಹೆದರ್ಬೇಡಿ, ಅದೇನು ಕಚ್ಚಲ್ಲ" ಎಂದು ನನ್ನ ಬೆರಳುಗಳನ್ನು ಹಿಡಿದು ತಂತಿಯ ಮೇಲೆ ಕೂರಿಸುತ್ತಿದ್ದರು. ನಾನು ನುಡಿಸಿದರೆ ಡಬ್ಬಕ್ಕೆ ಚಮಚ ಬಿದ್ದ ಸದ್ದು. ಆದರೂ ತಿಂಗಳಲ್ಲಿ ಮೂರು ಕಾರ್ಡ್, ಅಂದರೆ ಬೆರಳುಗಳ ಮೂರು ಹಿಡಿತ, ಕೈಗೆ ಹತ್ತಿದವು. ನಾಲ್ಕನೆಯದು ಬಂದರೆ ಒಂದು ಇಡೀ ಹಾಡು ನುಡಿಸಬಹುದು ಎಂದರು. ಆ ಒಂದು ಹಾಡಿಗಾಗಿ ನಾನು ಜೀವ ಬಿಡುತ್ತಿದ್ದೆ.

ಒಂದು ಭಾನುವಾರ ಅಮ್ಮನ ಮೇಲೆ ರೇಗಿದೆ. "ಆ ಪೇಪರ್ ಕಪ್ ಬಿಸಾಕು. ಇವತ್ತು ನಾನೇ ಕೊಡ್ತೀನಿ." ಲೋಟದಲ್ಲೇ ಕೊಟ್ಟೆ. ಮೇಷ್ಟ್ರು ಲೋಟವನ್ನು ನೋಡಿದರು, ನನ್ನನ್ನು ನೋಡಿದರು, ಬಾಯಿ ಹಚ್ಚಿ ನಿಧಾನವಾಗಿ ಕುಡಿದರು. ಏನೋ ಘನಕಾರ್ಯ ಮಾಡಿದವನ ಹಾಗೆ ನಾನು ಉಬ್ಬಿದೆ.

ಅವರು ಹೊರಟ ಮೇಲೆ ಲೋಟ ಎತ್ತಿಕೊಂಡೆ. ಎರಡೇ ಬೆರಳಲ್ಲಿ. ಅಡುಗೆಮನೆಯ ಸಿಂಕಿಗೆ ಹೋಗದೆ ಅಂಗಳದ ನಲ್ಲಿಗೆ ಹೋದೆ. ಹುಣಸೆಹಣ್ಣು ಹಾಕಿ ಉಜ್ಜಿದೆ, ತೊಳೆದೆ, ಮತ್ತೆ ಉಜ್ಜಿದೆ. ಆಮೇಲೆ ಕಾಂಪೌಂಡ್ ಗೋಡೆಯ ಮೇಲೆ ಬೇರೆಯಾಗಿ ಬೋರಲು ಹಾಕಿದೆ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ, ಅಮ್ಮ ಅಲ್ಲಿರಲೂ ಇಲ್ಲ. ತಲೆ ಎತ್ತಿದರೆ ಗೇಟಿನ ಹತ್ತಿರ ಮೇಷ್ಟ್ರು ನಿಂತಿದ್ದರು.

"ಕನ್ನಡಕ ಮರೆತಿದ್ದೆ" ಅಂದರು. ತಂದುಕೊಟ್ಟೆ. ಹೋದರು.

ಮುಂದಿನ ಭಾನುವಾರ ಬರಲಿಲ್ಲ. ಫೋನ್ ಮಾಡಿ, ತಪ್ಪಾಯಿತು, ದಯವಿಟ್ಟು ಬನ್ನಿ ಎಂದೆ.

"ಬೇಡ ಸಾರ್" ಎಂದರು, ದನಿಯಲ್ಲಿ ಕೋಪವೇ ಇಲ್ಲ. "ಪ್ರತಿ ವಾರ ಎಷ್ಟೂಂತ ಉಜ್ತೀರಿ?"

ಅಮ್ಮನ ಮೇಲಿದ್ದ ಹೇಸಿಗೆಯೆಲ್ಲ ತಿರುಗಿ ನನ್ನ ಮೇಲೇ ಬಂತು. ಅವರು ಬಿಗಿದ ಚರ್ಮ ಇವತ್ತಿಗೂ ಒಂದಿಷ್ಟೂ ಸಡಿಲವಾಗಿಲ್ಲ. ಮೂರು ಕಾರ್ಡ್ ನುಡಿಸಿ ನಿಲ್ಲಿಸುತ್ತೇನೆ. ನಾಲ್ಕನೆಯದಕ್ಕೆ ಬೆರಳು ಎಲ್ಲಿಡಬೇಕೋ ನನಗೆ ಗೊತ್ತಿಲ್ಲ.