ಯಾರೂ ಹರಳಿಡದ ಕಣಿವೆ

ಊರಿನವರು ಅವಳಿಗೆ ಇಟ್ಟ ಹೆಸರು ಮೀಟಿಂಗಮ್ಮ. ಅದರಲ್ಲಿ ಪ್ರೀತಿ ಕಾಲುಭಾಗ, ಕುಹಕ ಮುಕ್ಕಾಲು. ರಕ್ಷಿತಾರಣ್ಯದ ಅಂಚಿನ ಆ ಊರಿನಿಂದ ಅರಣ್ಯ ಕಚೇರಿಯಲ್ಲಿ ಕುರ್ಚಿ ಸಿಕ್ಕಿದ್ದು ಅವಳೊಬ್ಬಳಿಗೇ. ಕಾಡೂ ಕೆಡಬಾರದು, ಊರಿನ ಹೊಟ್ಟೆಯೂ ತುಂಬಬೇಕು, ಹಾಗೆ ಪ್ರವಾಸಿಗರನ್ನು ಕರೆತರುವ ಯೋಜನೆಯೊಂದು ಅಲ್ಲಿ ತಯಾರಾಗುತ್ತಿತ್ತು. ಕಚೇರಿಯ ಮಾತನ್ನು ಊರಿಗೆ, ಊರಿನ ಮಾತನ್ನು ಕಚೇರಿಗೆ ಮುಟ್ಟಿಸುವುದು ಅವಳ ಕೆಲಸ. ಹೇಳುವುದಕ್ಕೇನೋ ಸುಲಭ. ಊರಲ್ಲಿ ಬಾಯಿಬಿಟ್ಟರೆ ಕಚೇರಿಯವಳು, ಕಚೇರಿಯಲ್ಲಿ ಬಾಯಿಬಿಟ್ಟರೆ ಊರಿನವಳು. ಎರಡೂ ಕಡೆ ಪೆಟ್ಟು ತಿನ್ನುವ ಮದ್ದಳೆಯ ಪಾಡು ಅವಳದು.

ಎಡವಟ್ಟಾಗಿದ್ದು ಶಾಲೆಯ ಕೋಣೆಯಲ್ಲಿ ನಡೆದ ಸಭೆಯಲ್ಲಿ. ಬೆಂಚುಗಳನ್ನು ಗೋಡೆಗೆ ಒತ್ತಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಊರು, ಕಾಡು ಎರಡರ ನಕ್ಷೆಯನ್ನೂ ಬರೆದಿದ್ದರು. ಬಂದ ಹೆಂಗಸರ ಕೈಗೆಲ್ಲ ಒಂದೊಂದು ಹರಳುಕಲ್ಲು ಕೊಟ್ಟಿದ್ದಾಯಿತು.

"ನೀವು ಓಡಾಡೋ ಜಾಗದಲ್ಲಿ ಹರಳಿಡಿ. ಅಲ್ಲಿಗೆ ಪ್ರವಾಸಿಗರನ್ನ ಬಿಡೋದೇ ಇಲ್ಲ," ಎಂದರು ಅರಣ್ಯ ಕಚೇರಿಯ ಸಾಹೇಬರು. ಒಳ್ಳೆಯ ಮನುಷ್ಯರೇ, ಸುಳ್ಳು ಹೇಳಬಾರದು. ಆದರೆ ಬಾಗಿಲಿಗೆ ಒರಗಿ ಕಾಡಿನ ಗಾರ್ಡ್ ನಿಂತಿದ್ದು ಅವರ ಗಮನಕ್ಕೆ ಬರಲಿಲ್ಲ.

ಹೆಂಗಸರು ಸೌದೆಗೆ ಹೋಗುತ್ತಿದ್ದದ್ದು ಹಳ್ಳದಾಚೆಯ ಕಣಿವೆಗೆ. ಅಲ್ಲಿ ಕಾಲಿಡುವುದೇ ಅಪರಾಧ, ಸಿಕ್ಕಿಬಿದ್ದರೆ ಕೇಸು. ಮೀಟಿಂಗಮ್ಮನ ಅತ್ತಿಗೆ ಹರಳನ್ನು ಕೈಯಲ್ಲಿ ತಿರುವಿದಳು, ಗಾರ್ಡಿನ ಬೂಟು ನೋಡಿದಳು, ತೆಗೆದುಕೊಂಡು ಹೋಗಿ ನಕ್ಷೆಯಲ್ಲಿದ್ದ ಊರ ಬಾವಿಯ ಮೇಲಿಟ್ಟಳು. ಉಳಿದವರೂ ಅವಳ ಹಿಂದೆಯೇ. ಬಾವಿಯ ಮೇಲೆ ಹರಳಿನ ಗುಡ್ಡೆಯೇ ಬಿತ್ತು. "ಪಾಪ, ಈ ಊರಿಗೆ ನೀರಿನ ತಾಪತ್ರಯ ಬಹಳ," ಎಂದು ಸಾಹೇಬರು ನಿಟ್ಟುಸಿರುಬಿಟ್ಟರು. ಮೀಟಿಂಗಮ್ಮನಿಗೆ ಎಲ್ಲ ಗೊತ್ತಿತ್ತು, ಆದರೂ ತುಟಿ ಪಿಟಕ್ಕೆನ್ನಲಿಲ್ಲ.

ಯೋಜನೆ ಸಿದ್ಧವಾದಾಗ ಪ್ರವಾಸಿಗರ ಕಾಲುದಾರಿ ಆ ಕಣಿವೆಯಲ್ಲೇ ಹಾದುಹೋಯಿತು. ಯಾರಿಗೂ ಬೇಡದ ಜಾಗ ಅದೊಂದೇ ತಾನೇ!

"ಬೇರೆ ಕಡೆ ಹಾಕ್ಸೇ," ಎಂದಳು ಅತ್ತಿಗೆ, ಹೊಗೆಗೆ ಕಣ್ಣು ಕಿರಿದು ಮಾಡಿ ಒಲೆ ಊದುತ್ತ.

"ಯಾಕೆ ಅಂತ ಕೇಳಿದ್ರೆ ಏನನ್ಲಿ ಅತ್ಗೆ? ನಮ್ಮತ್ಗೆ ಅಲ್ಲಿ ಸೌದೆ ಕದೀತಾಳೆ ಅನ್ಲಾ?"

"ಕದಿಯೋದಾ? ಒಣಗಿ ಬಿದ್ದಿದ್ದನ್ನ ಆರಿಸ್ಕೊಂಡ್ರೆ ಕಳ್ತನಾನಾ? ಕುರ್ಚಿ ಸಿಕ್ಕಿದ್ದೇ ತಡ, ನಾಲಿಗೆನೂ ಬದಲಾಯ್ತು ನೋಡು."

ಮೀಟಿಂಗಮ್ಮನಿಗೆ ನಾಚಿಕೆಯಾಯಿತು. ತಾಯಿ ಸತ್ತಾಗ ಅವಳಿನ್ನೂ ಹಾಲುಹಲ್ಲಿನ ಕೂಸು. ಎತ್ತಿ ಬೆಳೆಸಿದ್ದು, ಜಡೆ ಹೆಣೆದು ಶಾಲೆಗೆ ಕಳಿಸಿದ್ದು, ಅಣ್ಣ ಬೇಡವೆಂದರೂ ಹಟ ಹಿಡಿದು ಓದಿಸಿದ್ದು ಇದೇ ಅತ್ತಿಗೆ. ಅವಳು ಉಂಡ ಅನ್ನವೆಲ್ಲ ಬೆಂದದ್ದು ಆ ಕಣಿವೆಯ ಸೌದೆಯಲ್ಲೇ. ನಿಜ ಹೇಳಿದರೆ ಅತ್ತಿಗೆಗೆ ಕೇಸು, ಹೇಳದಿದ್ದರೆ ಒಲೆಗೆ ಬೆಂಕಿಯಿಲ್ಲ. ಕೆಲಸ ಬಿಟ್ಟು ಎದ್ದು ಬರೋಣವೆಂದರೆ, ಆ ಕುರ್ಚಿಯಲ್ಲಿ ಊರಿನ ಗಂಧಗಾಳಿ ಇಲ್ಲದ ಇನ್ಯಾರೋ ಬಂದು ಕೂರುತ್ತಾರೆ. ಅತ್ತ ದರಿ, ಇತ್ತ ಪುಲಿ.

ಕಣಿವೆಯಲ್ಲಿ ಹಾವಿನ ಕಾಟ ಜಾಸ್ತಿ ಎಂದು ಸಾಹೇಬರ ಕಿವಿಗೆ ಹಾಕಿ ನೋಡಿದಳು. "ಪ್ರವಾಸಿಗರಿಗೆ ಅದೇ ಬೇಕಮ್ಮಾ!" ಎಂದು ಅವರು ಹಿಗ್ಗಿದರು.

ದಾರಿಯನ್ನು ಮೊದಲ ಸಲ ನಡೆದು ನೋಡುವ ದಿನ ಬಂತು. ಪ್ರವಾಸ ಕಂಪನಿಯ ಇಬ್ಬರು, ಸಾಹೇಬರು, ಗಾರ್ಡ್, ಎಲ್ಲರಿಗಿಂತ ಮುಂದೆ ಮೀಟಿಂಗಮ್ಮ. ಇವತ್ತೊಂದು ದಿನ ಈ ಕಡೆ ಬರಬೇಡವೆಂದು ಅತ್ತಿಗೆಯನ್ನು ಬೇಡಿಕೊಂಡಿದ್ದಳು. ಆದರೆ ಮನೆಯಲ್ಲಿ ಒಂದು ಕಡ್ಡಿ ಸೌದೆ ಇರಲಿಲ್ಲ. ತಿರುವು ದಾಟಿದರೆ ಎದುರಿಗೆ ತಲೆಯ ಮೇಲೆ ಹೊರೆ ಹೊತ್ತ ಅತ್ತಿಗೆ, ಹಿಂದೆ ನೆರೆಮನೆಯ ಇಬ್ಬರು.

ಗಾರ್ಡ್ ಕೋಲೆತ್ತಿದ.

"ತಡೀರಿ, ತಡೀರಿ!" ಕಂಪನಿಯವನು ಆಗಲೇ ಫೋಟೋ ತೆಗೆಯುತ್ತಿದ್ದ. "ಇದೇ ಸಾರ್ ನಮಗೆ ಬೇಕಾಗಿದ್ದು!"

ಸಾಹೇಬರ ಮುಖವೂ ಅರಳಿತು. "ಹೆದರಬೇಡಿ, ಕೇಸು ಗೀಸು ಏನಿಲ್ಲ. ಪ್ರವಾಸಿಗರು ಬರೋ ಹೊತ್ತಿಗೆ ಹೀಗೇ ಹೊರೆ ಹೊತ್ಕೊಂಡು ಇಲ್ಲಿ ನಡೀರಿ, ಸಾಕು. ಸಂಬಳ ಕೊಡ್ತೀವಿ."

ಅತ್ತಿಗೆ ಎದುರಿಗಿದ್ದ ಸಾಹೇಬರನ್ನು ಬಿಟ್ಟು ಮೀಟಿಂಗಮ್ಮನ ಕಡೆ ತಿರುಗಿದಳು. "ಆಮೇಲೆ ಸೌದೆ ಮನೆಗೆ ಒಯ್ಬಹುದಾ, ಕೇಳು."

ಅವಳು ಕೇಳಿದಳು.

"ಛೇ, ಅದು ಹೇಗಾಗುತ್ತಮ್ಮಾ? ಕಾಡಿನ ಕಡ್ಡಿ ಹೊರಗೆ ಹೋಗೋ ಹಾಗಿಲ್ಲ. ಇಲ್ಲೇ ಇಳಿಸಿ ಹೋಗ್ಲಿ. ನಾಳೆ ಅದನ್ನೇ ಹೊತ್ರಾಯ್ತು."

"ಏನಂತಾರೆ?" ಎಂದಳು ಅತ್ತಿಗೆ. ಅವಳಿಗೇನು ಕಿವುಡೇ? ಪ್ರತಿ ಮಾತೂ ಕೇಳಿಸಿತ್ತು. ಆದರೂ ಅದನ್ನು ತಾನು ಬೆಳೆಸಿದವಳ ಬಾಯಿಂದಲೇ ಕೇಳಬೇಕೆಂದು ನಿಂತಿದ್ದಳು.

ಗಾರ್ಡಿನ ಕೋಲು ಇನ್ನೂ ಕೆಳಗಿಳಿದಿರಲಿಲ್ಲ.

"ಇಳಿಸು ಅತ್ಗೆ," ಎಂದಳು ಮೀಟಿಂಗಮ್ಮ.

ತುಂಬಿದ ಹೊರೆಯನ್ನು ಒಬ್ಬರೇ ಇಳಿಸಲಾಗದು, ಇನ್ನೊಬ್ಬರು ಕೈ ಕೊಡಬೇಕು. ಅವಳೇ ಹತ್ತಿರ ಹೋಗಿ ಕೈ ಕೊಟ್ಟಳು. ಹೊರೆ ನೆಲ ಮುಟ್ಟಿತು. ಅತ್ತಿಗೆ ಸೆರಗು ಕೊಡವಿಕೊಂಡಳು, ಅವಳ ಮುಖವನ್ನು ನೋಡಲಿಲ್ಲ.

"ಆಯ್ತು ಮೇಡಂ," ಎಂದಳು.