ಫ್ರೆಂಚ್ ಕೋಠಿಯ ದ್ವಾರ, ದರ್ಜಿಯ ಖೋಲಿ

೧೯೭೧ರ ಜೂನ್ ತಿಂಗಳ ಮೊದಲ ಸೋಮವಾರ, ಬೆಳಗ್ಗೆ ಎಂಟು ಗಂಟೆ, ಬೊಂಬಾಯಿಯ ಗ್ರಾಂಟ್ ರೋಡಿನ ಒಂದು ಗಲ್ಲಿ. ಹಾಜರಿದ್ದವರು: ಸರ್ಕಾರದ ಕಟ್ಟಡ ದುರಸ್ತಿ ವಿಭಾಗದ ಸಹಾಯಕ ಎಂಜಿನಿಯರ್ ಆಗಿದ್ದ ನಾನು, ಒಬ್ಬ ಬಡಗಿ, ಇಬ್ಬರು ಗಾರೆಯವರು, ಮಾಲೀಕರ ಲೆಕ್ಕಪತ್ರ ನೋಡುವ ಮುನೀಮ, ಮತ್ತು ನಮ್ಮನ್ನು ಒಳಗೆ ಬಿಡಬಾರದೆಂದು ಮೆಟ್ಟಿಲ ತುಂಬ ಕುಳಿತಿದ್ದ ಬಾಡಿಗೆದಾರರು.

ಹಿಂದೆಂದೋ ಫ್ರೆಂಚ್ ವರ್ತಕನೊಬ್ಬ ಕಟ್ಟಿಸಿದ ಮೂರು ಅಂತಸ್ತಿನ ಮನೆ ಅದು. ಆಮೇಲೆ ಒಂದೊಂದು ಕೋಣೆಯೂ ಒಂದೊಂದು ಸಂಸಾರದ ಖೋಲಿಯಾಗಿ ಬಾಡಿಗೆಗೆ ಹೋಗಿತ್ತು. ಅದರ ದ್ವಾರ ಮಾತ್ರ ಊರಿಗೇ ಹೆಸರಾದದ್ದು: ಕಲ್ಲಿನಲ್ಲಿ ಕೆತ್ತಿದ ದ್ರಾಕ್ಷಿ ಬಳ್ಳಿ, ಎರಡು ಹೆಣ್ಣು ಮುಖ, ಮೇಲೆ ಕಮಾನು. ಆ ಕಮಾನು ಬಿರುಕು ಬಿಟ್ಟಿತ್ತು. ಹಿಂದಿನ ವಾರ ಒಂದು ಕಲ್ಲು ಕಳಚಿ, ಹಾಲು ತರಲು ಹೊರಟಿದ್ದ ಹೆಂಗಸಿನ ಭುಜದ ಮೇಲೆ ಬಿದ್ದಿತ್ತು.

ಪ್ರಾಪ್, ಎಂದರೆ ಭಾರ ಹೊರುವ ಆಸರೆ ಮರ, ಕೊಟ್ಟರೆ ಮುಗಿಯುತ್ತಿತ್ತು. ಆದರೆ ಪುರಾತನ ಕೆತ್ತನೆಯನ್ನು ಯಾರೂ ಮುಟ್ಟಬಾರದೆಂದು ಮಾಲೀಕರು ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು. ಮನೆಗೆ ಬೇರೆ ಬಾಗಿಲಿಲ್ಲ. ಇರುವ ಬಾಗಿಲು ಅಪಾಯವೆಂದರೆ ಮನೆ ಖಾಲಿ ಮಾಡಿಸಬೇಕು. ಮಾಲೀಕರಿಗೆ ಬೇಕಾಗಿದ್ದೂ ಅದೇ. ಬೊಂಬಾಯಿಯಲ್ಲಿ ಒಮ್ಮೆ ಬಿಟ್ಟ ಖೋಲಿ ಮತ್ತೆ ಸಿಗುವುದಿಲ್ಲವೆಂದು ಬಾಡಿಗೆದಾರರಿಗೂ ಗೊತ್ತಿತ್ತು.

ಅವರ ಮುಂದಾಳು ನೆಲ ಅಂತಸ್ತಿನ ದರ್ಜಿ ದಸ್ತಗೀರಸಾಬ್, ವಿಜಾಪುರದ ಕಡೆಯವರು. ನನ್ನ ಕನ್ನಡ ಕೇಳಿದ್ದೇ ಮುಖ ತಿರುಗಿಸಿದರು. "ಮೈಸೂರ ಸಾಹೇಬ್ರ, ಸಕ್ಕರೀಗತೆ ಮಾತಾಡಿ ನಮ್ಮನ್ನ ಫುಟ್‌ಪಾತಿಗಿ ಹಾಕಾಕ ಬಂದೀರೇನ? ಒಬ್ಬರೂ ಏಳಂಗಿಲ್ಲ."

ನಾನು ಆಜ್ಞೆಯ ಪ್ರತಿಯನ್ನು ಮತ್ತೊಮ್ಮೆ ಓದಿದೆ. ದ್ವಾರವನ್ನು ಮುಟ್ಟಬಾರದೆಂದಿತ್ತು, ಜನ ಅದರ ಕೆಳಗೇ ಓಡಾಡಬೇಕೆಂದು ಇರಲಿಲ್ಲ. ದ್ವಾರಕ್ಕೆ ತಾಗದಂತೆ ಬಿದಿರಿನ ಬೇಲಿ ಹಾಕಿಸಿ, ಪಕ್ಕದ ಗಲ್ಲಿಗೆ ಹೊಸ ಬಾಗಿಲು ತೆಗೆಸುವುದೆಂದು ನಿರ್ಧರಿಸಿದೆ. ಮುನೀಮ ಕೂಗಾಡಿದ. ಆಕ್ಷೇಪಣೆಯನ್ನು ಬರೆದು ಕೊಡಿ ಎಂದೆ, ಕೊಡಲಿಲ್ಲ.

ಗಲ್ಲಿಗೆ ಕಿಟಕಿಯಿದ್ದ ಖೋಲಿ ಒಂದೇ, ದಸ್ತಗೀರಸಾಬರದು. ಕಿಟಕಿಯ ಕೆಳಗಿನ ಗೋಡೆ ಒಡೆದರೆ ಬಾಗಿಲಾಗುತ್ತಿತ್ತು. ಆದರೆ ಆ ಖೋಲಿಯೇ ಅವರ ಹೊಲಿಗೆ ಅಂಗಡಿ, ಇಡೀ ಮನೆಯ ಜನ ಅದರೊಳಗಿಂದಲೇ ಓಡಾಡಬೇಕು. ಇದನ್ನು ಹೇಳಿದಾಗ ಮೆಟ್ಟಿಲ ಮೇಲಿದ್ದವರೆಲ್ಲ ನನ್ನನ್ನು ಬಿಟ್ಟು ಅವರತ್ತ ತಿರುಗಿದರು. ಒಪ್ಪಿಕೋ ಚಾಚಾ ಎಂದವರು, ಅವರು ಕೂಡಲೇ ಒಪ್ಪದ್ದನ್ನು ಕಂಡು, ಕ್ಷಣ ಕಳೆಯುವುದರೊಳಗೆ ಬೈಯತೊಡಗಿದರು.

ದಸ್ತಗೀರಸಾಬ್ ಒಳಗೆ ಹೋಗಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು, ಟೇಪು ಹಿಡಿದು, ನೆಲದ ಮೇಲೆ ಗೆರೆ ಎಳೆದರು. ದಾರಿಗೆ ನಾನು ನಾಲ್ಕು ಅಡಿ ಅಗಲ ಕೇಳಿದ್ದೆ, ಅವರು ಕೊಟ್ಟದ್ದು ಮೂರು.

"ಯಾರಾದರೂ ಸತ್ತರೆ ಹೆಣ ಹೇಗೆ ತಿರುಗಿಸೋದು?" ಎಂದು ಕೇಳಿದೆ.

"ನಿಂದ್ರಿಸಿ ಒಯ್ಯಲಿ. ಬದುಕಿದ್ದಾಗ ಹೆಂಗೂ ನಿಂತೇ ಬೈತಾರ."

ಮೂರಕ್ಕೇ ಒಪ್ಪಿದೆ. ಮಧ್ಯಾಹ್ನದೊಳಗೆ ಗೋಡೆ ಒಡೆಯಿತು. ಸಂಜೆ ಬಾಗಿಲು ಕೂತಿತು. ಜನ ಓಡಾಡಿದರು, ಉಪಕಾರವಾಯಿತೆಂದು ಯಾರೂ ಅವರಿಗೆ ಹೇಳಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ನಕ್ಷೆಯಲ್ಲಿ ದಾರಿ ಬಿಡಿಸುವಾಗ ಆ ಜಾಗದಲ್ಲಿ ಯಾರು ಅನ್ನ ದುಡಿಯುತ್ತಾರೆಂದು ಮೊದಲು ನೋಡಬೇಕು. ಆ ದಿನದಿಂದ ನಾನು ಹಾಗೇ ನೋಡಿದೆ. ಆದರೂ ಎಷ್ಟೋ ಸಲ ಅಲ್ಲಿಯೇ ಗೆರೆ ಎಳೆಯಬೇಕಾಯಿತು.

ಒಂದು ಕೆಲಸ ಉಳಿದಿತ್ತು. ಅವರ ಕಟಿಂಗ್ ಟೇಬಲ್ ದಾರಿಯೊಳಕ್ಕೆ ಚಾಚುತ್ತಿತ್ತು. ಬಡಗಿ ಗರಗಸ ಇಟ್ಟಾಗ ದಸ್ತಗೀರಸಾಬ್ ತಾವೇ ಆ ತುದಿಯನ್ನು ಹಿಡಿದು ನಿಂತರು. ನನ್ನ ಕಡೆ ನೋಡದೆಯೇ ಹೇಳಿದರು: "ಕಲ್ಲಿಗಿ ಕೋರ್ಟ್ ಐತ್ರಿ ಸಾಹೇಬ್ರ. ಇದಕ್ಕ ಯಾರದಾರ?"

ಏಳು ಗಂಟೆಗೆ ಹಲಗೆಯ ತುಂಡು ಅವರ ಕೈಗೆ ಬಂತು.